ಮೇಲಿನವರ ನೆಲ, ಕೆಳಗಿನವರ ನಿದ್ದೆ

"ಡಾಕ್ಟ್ರೇ, ಆ ನಿದ್ದೆ ಮಾತ್ರೆ ಇನ್ನೊಂದು ತಿಂಗಳಿಗೆ ಬರೆದುಕೊಡಿ" ಎನ್ನುತ್ತಾ ನಿವೃತ್ತ ಮೇಷ್ಟ್ರೊಬ್ಬರು ಎಮ್ಮೆದೊಡ್ಡಿಯ ನನ್ನ ಕ್ಲಿನಿಕ್ಕಿಗೆ ಬಂದು ಕುಳಿತರು. ವಯಸ್ಸು ಎಪ್ಪತ್ತೆರಡು. ಸಕ್ಕರೆ ಕಾಯಿಲೆ ಇಲ್ಲ, ಬೀಡಿ ಸಿಗರೇಟು ಇಲ್ಲ, ಬೆಳಗಾಗೆದ್ದು ಮದಗದ ಕೆರೆಯ ಕಡೆಗೆ ಒಂದು ಸುತ್ತು ನಡೆದು ಬರುವ ಮನುಷ್ಯ. ಎಂಟು ವರ್ಷ ಒಂದೇ ಮಾತ್ರೆಯಲ್ಲಿ ಹದ್ದುಬಸ್ತಿನಲ್ಲಿದ್ದ ಅವರ ರಕ್ತದೊತ್ತಡ ಒಂದು ವರ್ಷದಿಂದ 160ಕ್ಕಿಂತ ಕೆಳಗಿಳಿಯಲೊಲ್ಲದು. ನಾನು ಮಾತ್ರೆಯ ಪ್ರಮಾಣ ಹೆಚ್ಚಿಸಿದೆ. ಆಮೇಲೆ ಎರಡನೆಯ ಮಾತ್ರೆ ಸೇರಿಸಿದೆ. ನಿದ್ದೆ ಇಲ್ಲ ಎಂದಾಗ ಅದಕ್ಕೂ ಒಂದು ಮಾತ್ರೆ ಬರೆದೆ. ಉಪ್ಪು, ಉಪ್ಪಿನಕಾಯಿ, ಕಾಫಿ, ಮನಸ್ಸಿನ ಚಿಂತೆ ಎಲ್ಲವನ್ನೂ ವಿಚಾರಿಸಿದ್ದೆ. ವಿಚಾರಿಸದೇ ಬಿಟ್ಟದ್ದು ಒಂದೇ. ಅವರು ರಾತ್ರಿ ಮಲಗುವುದು ಎಲ್ಲಿ?

ಅದೇ ವಾರ ಅವರ ಸೊಸೆ ತಲೆನೋವೆಂದು ಬಂದರು. ಬಿ.ಪಿ. ನೋಡಿದೆ, ಕಣ್ಣು ನೋಡಿದೆ, ಏನೂ ಇಲ್ಲ. "ಮನೇಲಿ ಏನಾದ್ರೂ ಬೇಜಾರು ಇದೆಯೇನಮ್ಮ?" ಎಂದೆ. ಅಷ್ಟೇ ಸಾಕಾಯಿತು. "ಮಾವನೋರು ರಾತ್ರಿ ಹತ್ತು ಗಂಟೆಗೆ ಕೋಲು ತಗೊಂಡು ತಾರಸಿ ಕುಟ್ತಾರೆ ಡಾಕ್ಟ್ರೇ. ನಾನು ಬೇಕೂಂತ ಮಾಡ್ತೀನಾ? ಮದುವೆ ಕಾಲದಲ್ಲಿ ನಾಕು ರವಿಕೆ ಜಾಸ್ತಿ ಹೊಲೀಬಾರ್ದಾ? ಹುಡುಗ ಪಿಯುಸಿ, ಅವನು ಓದ್ಬಾರ್ದಾ?" ಎಂದು ಕಣ್ಣೊರೆಸಿಕೊಂಡರು. ಬೇರೆ ಒಲೆ ಹೂಡುವ ಮಾತು ಮನೆಯಲ್ಲಿ ಆಗಲೇ ಬಂದುಹೋಗಿತ್ತಂತೆ.

ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಹತ್ತದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಒಂದು ರಾತ್ರಿ ಊಟವಾದ ಮೇಲೆ ಅವರ ಮನೆಗೆ ಹೋದೆ. ಮೇಲಿನವರು ಎಂದಿನಂತೆ ಇರಲಿ ಎಂದು ಹೇಳಿ ಮೇಷ್ಟ್ರ ಮಂಚದ ಮೇಲೆ ಅರ್ಧ ಗಂಟೆ ಮಲಗಿದೆ. ಹೊಲಿಗೆ ಮಿಷನ್ನಿನ ಮೋಟರು ಗುರ್ರೆಂದು ಗೋಡೆಯಲ್ಲೇ ಓಡುತ್ತಿದೆಯೇನೋ ಅನ್ನಿಸಿತು. ಕಬ್ಬಿಣದ ಕುರ್ಚಿಯನ್ನು ಒಮ್ಮೆ ಹಿಂದಕ್ಕೆ ಎಳೆದದ್ದು ನನ್ನ ಹಲ್ಲಿಗೇ ತಾಗಿತು. ಅಡುಗೆಮನೆಯಲ್ಲಿ ಒಂದು ಲೋಟ ಬಿತ್ತು. ವಿಶೇಷವೆಂದರೆ, ಮೇಲೆ ಟಿ.ವಿ. ಹಾಡುತ್ತಿತ್ತು, ಮಗ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಅವೆರಡೂ ನನಗೆ ಕೇಳಿಸಲೇ ಇಲ್ಲ.

ಈ ವ್ಯತ್ಯಾಸ ಅರ್ಥವಾದರೆ ಮುಂದಿನದೆಲ್ಲ ಸುಲಭ. ಮನೆಯೊಳಗೆ ಶಬ್ದ ಎರಡು ದಾರಿಯಲ್ಲಿ ಬರುತ್ತದೆ. ಮಾತು, ಹಾಡು, ಟಿ.ವಿ. ಇವು ಗಾಳಿಯಲ್ಲಿ ಬಂದು ಗೋಡೆಗೋ ತಾರಸಿಗೋ ಬಡಿಯುತ್ತವೆ. ಐದು ಇಂಚಿನ ಕಾಂಕ್ರೀಟು ಭಾರವಾದದ್ದು, ಗಾಳಿಯ ಅಲೆಗೆ ಅದು ಅಷ್ಟಾಗಿ ಅಲುಗುವುದಿಲ್ಲ. ಹೆಜ್ಜೆ, ಕುರ್ಚಿ, ಕುಟ್ಟಾಣಿ, ಹೊಲಿಗೆ ಮಿಷನ್ನು ಇವುಗಳದ್ದು ಬಡಿತದ ಶಬ್ದ. ಇವು ಗಾಳಿಗಾಗಿ ಕಾಯುವುದಿಲ್ಲ, ನೇರವಾಗಿ ಕಾಂಕ್ರೀಟನ್ನೇ ನಡುಗಿಸುತ್ತವೆ. ಆ ನಡುಕ ಗಟ್ಟಿ ವಸ್ತುವಿನಲ್ಲಿ ಹೆಚ್ಚು ಸವೆಯದೆ ಗೋಡೆಗೆ, ಕಂಬಕ್ಕೆ, ಪಕ್ಕದ ಕೋಣೆಗೆ ಹರಿಯುತ್ತದೆ. ಬೀರೂರು ಜಂಕ್ಷನ್ ಸುತ್ತ ಬೆಳೆದವರಿಗೆ ಹಳಿಗೆ ಕಿವಿ ಇಟ್ಟು ಕಾಣದ ರೈಲನ್ನು ಕೇಳಿದ ಹುಡುಗಾಟ ನೆನಪಿರಬಹುದು (ಮಕ್ಕಳು ಇದನ್ನು ಮಾಡಬಾರದು). ಮನೆಯ ಸ್ಲ್ಯಾಬು ಮಾಡುವುದೂ ಅದೇ ಕೆಲಸ. ಅದರ ಮೇಲೆ ಕನ್ನಡಿಯಂತೆ ಗಟ್ಟಿಯಾದ ವಿಟ್ರಿಫೈಡ್ ಟೈಲನ್ನು ಸಿಮೆಂಟಿನಲ್ಲಿ ಅಂಟಿಸಿದರೆ ಮೇಲಿನ ಚರ್ಮವೂ ಗಟ್ಟಿ, ಒಳಗಿನ ಮೂಳೆಯೂ ಗಟ್ಟಿ. ನಡುವೆ ಮೆತ್ತನೆಯದು ಏನೂ ಇಲ್ಲ.

ಮೇಷ್ಟ್ರ ಹಳೆಯ ಮನೆ ಹೀಗಿರಲಿಲ್ಲ. ಅಡಿಕೆಗೆ ಒಳ್ಳೆಯ ಬೆಲೆ ಬಂದ ವರ್ಷ ಅದನ್ನು ಕೆಡವಿ ಮಹಡಿ ಎಬ್ಬಿಸಿದರು. ಹಳೆಯದು ಮಣ್ಣಿನ ಗೋಡೆಯ ಮನೆ. ತೊಲೆ, ಜಂತೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಅರ್ಧ ಗೇಣು ಮಣ್ಣು ಹಾಕಿ ಸಗಣಿ ಸಾರಿಸಿದ ಅಟ್ಟ. ಆ ಅಟ್ಟದಲ್ಲಿ ರಾಗಿ ಮೂಟೆ ಎಳೆದಾಡಿದರೂ ಕೆಳಗೆ ಮಲಗಿದವರಿಗೆ ಗೊತ್ತಾಗುತ್ತಿರಲಿಲ್ಲ ಎಂದು ಅವರು ಹೇಳಿದಾಗ ನಾನು ಅದನ್ನು ಮುದುಕರ ಹಳಹಳಿಕೆ ಎಂದುಕೊಳ್ಳಲಿಲ್ಲ. ಮಣ್ಣು ಭಾರವನ್ನೂ ಕೊಡುತ್ತದೆ, ಕಂಪನವನ್ನೂ ನುಂಗುತ್ತದೆ. ಮರದ ಹಲಗೆಯೊಂದೇ ಆಗಿದ್ದರೆ ಅದು ತಮಟೆಯಂತೆ ಬಾರಿಸುತ್ತಿತ್ತು. ನಮ್ಮ ಹಿರಿಯರು ಶಬ್ದವಿಜ್ಞಾನ ಓದಿ ಅಟ್ಟಕ್ಕೆ ಮಣ್ಣು ಹಾಕಿದರೆಂದು ನಾನು ಹೇಳುವುದಿಲ್ಲ. ಸೆಕೆಗೆ, ಬೆಂಕಿಗೆ ಹೆದರಿ ಹಾಕಿರಬಹುದು. ನಿದ್ದೆ ಮಾತ್ರ ಪುಕ್ಕಟೆಯಾಗಿ ಸಿಗುತ್ತಿತ್ತು. ಹಾಗೆಂದು ಎಲ್ಲರೂ ಮಣ್ಣಿನ ಮನೆಗೆ ಹಿಂದಿರುಗಿ ಎಂಬ ಉಪದೇಶವೂ ನನ್ನದಲ್ಲ. ಆ ಅಟ್ಟಗಳ ಇಲಿ, ಚೇಳುಗಳನ್ನು ವೈದ್ಯನಾಗಿ ನಾನು ಮರೆತಿಲ್ಲ.

ಇನ್ನು ನನ್ನ ಕಸುಬಿಗೆ ಸೇರಿದ ವಿಷಯ. ಮೇಲಿನ ಮನೆಯ ಕುರ್ಚಿಯ ಸದ್ದಿನಿಂದ ಯಾರ ಕಿವಿಯೂ ಕಿವುಡಾಗುವುದಿಲ್ಲ. ಕಿವಿ ಕೆಡಲು ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬೆಲ್‌ನಷ್ಟು ಗದ್ದಲ ಬೇಕು. ಅದು ಕಾರ್ಖಾನೆಯ ಮಾತು. ಮನೆಯ ಸದ್ದು ಕೆಡಿಸುವುದು ನಿದ್ದೆಯನ್ನು. ನಿದ್ದೆಯ ಮೂಲಕ ಅದು ಹೃದಯವನ್ನು ಮುಟ್ಟುತ್ತದೆ. ನಾವು ಮಲಗಿದರೂ ಕಿವಿ ಮಲಗುವುದಿಲ್ಲ. ಕಣ್ಣಿಗೆ ರೆಪ್ಪೆ ಇದೆ, ಕಿವಿಗೆ ಮುಚ್ಚಳವಿಲ್ಲ. ತಟ್ಟನೆ ಸದ್ದಾದಾಗ ಮೆದುಳು ಅಪಾಯವೇನೋ ಎಂದು ಒಂದು ಕ್ಷಣ ಎಚ್ಚೆತ್ತು ಅಡ್ರಿನಲಿನ್ ಹರಿಸುತ್ತದೆ, ನಾಡಿ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮಲಗಿದವನಿಗೆ ಬೆಳಿಗ್ಗೆ ಇದರ ನೆನಪೇ ಇರುವುದಿಲ್ಲ.

ಯುರೋಪಿನ ನಾಲ್ಕು ದೊಡ್ಡ ವಿಮಾನ ನಿಲ್ದಾಣಗಳ ಸಮೀಪ ವಾಸಿಸುವ 140 ಜನರ ರಕ್ತದೊತ್ತಡವನ್ನು ರಾತ್ರಿಯಿಡೀ ಅಳೆದು 2008ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮಲಗುವ ಕೋಣೆಯಲ್ಲಿ 35 ಡೆಸಿಬೆಲ್ ಮೀರಿದ ವಿಮಾನದ ಸದ್ದು ಬಂದಾಗಲೆಲ್ಲ, ಜನ ಎಚ್ಚರಗೊಳ್ಳದಿದ್ದರೂ, ಮೇಲಿನ ಒತ್ತಡ ಸರಾಸರಿ ಆರು, ಕೆಳಗಿನದು ಏಳು ಅಂಕಿಯಷ್ಟು ಏರುತ್ತಿತ್ತು. 35 ಡೆಸಿಬೆಲ್ ಎಂದರೆ ಏನೂ ದೊಡ್ಡ ಸದ್ದಲ್ಲ, ಪಿಸುಮಾತಿಗಿಂತ ಸ್ವಲ್ಪ ಹೆಚ್ಚು. ವಿಮಾನದ ಸದ್ದು ಬೇರೆ, ಹೊಲಿಗೆ ಮಿಷನ್ನಿನದು ಬೇರೆ, ಒಪ್ಪುತ್ತೇನೆ. ಒಂದನ್ನು ಅಳೆದದ್ದನ್ನು ಇನ್ನೊಂದಕ್ಕೆ ಹಾಗೇ ಅಂಟಿಸುವುದು ತಪ್ಪು. ಆದರೆ "ಅಭ್ಯಾಸ ಆಗುತ್ತೆ ಬಿಡಿ" ಎನ್ನುವವರಿಗೆ ಇದು ಉತ್ತರ. ಅಭ್ಯಾಸವಾಗುವುದು ಮನಸ್ಸಿಗೆ. ಹೃದಯಕ್ಕೆ ಅಷ್ಟು ಬೇಗ ಆಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೊರಡಿಸಿದ ಮಾರ್ಗಸೂಚಿ ಮಲಗುವ ಕೋಣೆಯಲ್ಲಿ ರಾತ್ರಿಯ ಸರಾಸರಿ ಶಬ್ದ 30 ಡೆಸಿಬೆಲ್ ದಾಟಬಾರದು, ಬಿಡಿ ಸದ್ದುಗಳು 45 ದಾಟಬಾರದು ಎನ್ನುತ್ತದೆ. ನಮ್ಮ ದೇಶದಲ್ಲಿ 2000ದಿಂದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಆದರೆ ಈ ನಿಯಮಗಳ ಕಣ್ಣು ಮುಖ್ಯವಾಗಿ ಧ್ವನಿವರ್ಧಕ, ಹಾರ್ನು, ಪಟಾಕಿಗಳ ಮೇಲೆ. ನಿಮ್ಮ ಮಹಡಿಯ ಕುರ್ಚಿಯ ಬಗ್ಗೆ ದೂರು ಕೊಟ್ಟರೆ ಪೊಲೀಸರು ನಕ್ಕು ಕಳುಹಿಸುತ್ತಾರೆ. ಕಳುಹಿಸಲಿ. ಮಾವ ಸೊಸೆಯ ನಡುವೆ ಪೊಲೀಸರಿಗೇನು ಕೆಲಸ?

ಮಕ್ಕಳ ಬಗ್ಗೆ ಒಂದು ಹಳೆಯ ಉದಾಹರಣೆ ಹೇಳಲೇಬೇಕು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಎತ್ತರದ ರೈಲುಹಳಿಯ ಪಕ್ಕದಲ್ಲೇ ಒಂದು ಸರ್ಕಾರಿ ಶಾಲೆ. ಹಳಿಯ ಕಡೆಗಿನ ಕೊಠಡಿಗಳಲ್ಲಿ ಕೂರುವ ಮಕ್ಕಳು ಆಚೆ ಕಡೆಯ ಮಕ್ಕಳಿಗಿಂತ ಓದಿನಲ್ಲಿ ಹಿಂದುಳಿದಿದ್ದಾರೆಂದು ಮನಶ್ಶಾಸ್ತ್ರಜ್ಞೆ ಆರ್ಲೈನ್ ಬ್ರಾನ್‌ಜಾಫ್ಟ್ 1975ರಲ್ಲಿ ತೋರಿಸಿದರು. ಆಮೇಲೆ ರೈಲ್ವೆಯವರು ಹಳಿಯ ಕೆಳಗೆ ರಬ್ಬರ್ ಪಟ್ಟಿ ಇಟ್ಟರು, ಶಾಲೆಯವರು ಕೊಠಡಿಗಳಿಗೆ ಸದ್ದು ಹೀರುವ ಒಳಛಾವಣಿ ಹಾಕಿಸಿದರು. 1981ರಲ್ಲಿ ಮತ್ತೆ ನೋಡಿದಾಗ ಎರಡೂ ಕಡೆಯ ಮಕ್ಕಳು ಸಮಸಮ. ಗಟ್ಟಿ ವಸ್ತುವಿಗೂ ಗಟ್ಟಿ ವಸ್ತುವಿಗೂ ನಡುವೆ ಮೆತ್ತನೆಯ ಒಂದು ಪದರ ಇಡುವುದು ಎಂಬ ಆ ಉಪಾಯವೇ ಇಂದು ಅಂಗಡಿಯಲ್ಲಿ "ಸೌಂಡ್‌ಪ್ರೂಫ್ ಫ್ಲೋರಿಂಗ್" ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದು.

ಆ ಹೆಸರಿನ ಬಗ್ಗೆ ನನಗೆ ತಕರಾರಿದೆ. ಸದ್ದನ್ನು ಪೂರ್ತಿ ತಡೆಯುವ ಹಲಗೆ ಇಲ್ಲ, ಕಡಿಮೆ ಮಾಡುವ ಹಲಗೆ ಇದೆ. ಹತ್ತು ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದಂತೆ ಅನ್ನಿಸುತ್ತದೆ, ಇಪ್ಪತ್ತು ಇಳಿದರೆ ಕಾಲು ಭಾಗ. ನೆಲದ ಪರೀಕ್ಷೆಗೆ ಒಂದು ಯಂತ್ರವೇ ಇದೆ. ಅರ್ಧ ಕಿಲೋ ತೂಕದ ಐದು ಸುತ್ತಿಗೆಗಳು ನಾಲ್ಕು ಸೆಂಟಿಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಪೆಟ್ಟಿನಂತೆ ನೆಲವನ್ನು ಬಡಿಯುತ್ತವೆ, ಕೆಳಗಿನ ಕೋಣೆಯಲ್ಲಿ ಎಷ್ಟು ಕೇಳಿಸಿತೆಂದು ಅಳೆಯುತ್ತಾರೆ. ಮಾರುವವರ ಕಾಗದದಲ್ಲಿ ಒಂದು ದೊಡ್ಡ ಅಂಕಿ ಇರುತ್ತದೆ. ಆ ಅಂಕಿ ಎಷ್ಟೋ ಸಲ ಹಲಗೆಯೊಂದರದ್ದಲ್ಲ. ದಪ್ಪ ಸ್ಲ್ಯಾಬು, ಅದರ ಕೆಳಗೆ ತೂಗುಬಿಟ್ಟ ಒಳಛಾವಣಿ, ಎಲ್ಲ ಸೇರಿ ಬಂದ ಅಂಕಿ. ನಿಮ್ಮ ಮನೆಯಲ್ಲಿ ಆ ಸ್ಲ್ಯಾಬೂ ಇಲ್ಲ, ಒಳಛಾವಣಿಯೂ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಬರಿಯ ಕಾಂಕ್ರೀಟಿನ ಮೇಲೆ ಈ ಹಲಗೆ ಹಾಸಿದ್ದರಿಂದ ಎಷ್ಟು ಡೆಸಿಬೆಲ್ ಇಳಿಯಿತು? ಪರೀಕ್ಷೆಯ ವರದಿ ತೋರಿಸಿ." ತೋರಿಸದಿದ್ದರೆ ಅದನ್ನು ಚೆಂದದ ಹಲಗೆಯೆಂದು ಕೊಳ್ಳಿ, ಮೌನದ ಹಲಗೆಯೆಂದು ಕೊಳ್ಳಬೇಡಿ.

ಇನ್ನೊಂದು ಮಾತನ್ನು ಮಾರುವವರು ಹೇಳುವುದಿಲ್ಲ. ತೆಳುವಾದ ಮೆತ್ತೆಯ ಪದರ ಲೋಟ ಬಿದ್ದ ಠಣ್, ಕುರ್ಚಿಯ ಕಿರ್ ಇವನ್ನು ಚೆನ್ನಾಗಿ ಅಡಗಿಸುತ್ತದೆ. ಮಕ್ಕಳು ಹಾರಿದ ಧಡ್, ಹಿಮ್ಮಡಿ ಊರಿ ನಡೆದ ಧಪ್ ಇವನ್ನು ಅಷ್ಟು ಸುಲಭವಾಗಿ ಅಡಗಿಸುವುದಿಲ್ಲ. ಅದಕ್ಕೆ ಬೇಕಾದದ್ದು ಭಾರ, ಅಂದರೆ ದಪ್ಪ ಸ್ಲ್ಯಾಬು. ಬಹುಪಾಲು ಜನ ಅಪಾರ್ಟ್‌ಮೆಂಟಿನಲ್ಲೇ ವಾಸಿಸುವ ದಕ್ಷಿಣ ಕೊರಿಯಾದಲ್ಲಿ ಮಹಡಿ ಸದ್ದಿನ ಜಗಳ ಎಷ್ಟು ದೊಡ್ಡದಾಯಿತೆಂದರೆ 2012ರಲ್ಲಿ ಸರ್ಕಾರವೇ ನೆರೆಹೊರೆಯವರ ರಾಜಿಗೆಂದು ಕೇಂದ್ರ ತೆರೆಯಿತು. ಅಲ್ಲಿನ ಗೋಡೆಯಾಧಾರಿತ ಅಪಾರ್ಟ್‌ಮೆಂಟುಗಳಿಗೆ 210 ಮಿಲಿಮೀಟರ್ ದಪ್ಪದ ಸ್ಲ್ಯಾಬನ್ನು ಕಡ್ಡಾಯ ಮಾಡಿದ್ದಾರೆ. ನಮ್ಮ ಕಡೆ ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು ನಾಲ್ಕೂವರೆ, ಐದು ಇಂಚು. ಮನೆ ನಿಲ್ಲಲು ಅಷ್ಟು ಸಾಕು. ನಿದ್ದೆಯ ಲೆಕ್ಕವನ್ನು ಅಲ್ಲಿ ಯಾರೂ ಹಾಕಿರುವುದಿಲ್ಲ.

ನಮ್ಮಲ್ಲಿ ಈ ಬಗ್ಗೆ ಯಾರೂ ಯೋಚಿಸಿಲ್ಲವೆಂದಲ್ಲ. ಮನೆ, ಶಾಲೆ, ಆಸ್ಪತ್ರೆಗಳ ಶಬ್ದ ತಡೆಗೆ ಭಾರತೀಯ ಮಾನಕ ಸಂಸ್ಥೆ 1962ರಲ್ಲೇ ಐಎಸ್ 1950 ಎಂಬ ಸಂಹಿತೆ ಹೊರಡಿಸಿತ್ತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಎಂಟನೆಯ ಭಾಗದಲ್ಲಿ ಶಬ್ದಕ್ಕೆಂದೇ ಒಂದು ವಿಭಾಗವಿದೆ. ಪುಸ್ತಕ ಕಪಾಟಿನಲ್ಲಿದೆ, ಮೇಸ್ತ್ರಿ ಸೈಟಿನಲ್ಲಿದ್ದಾನೆ. ಮನೆಯ ನಕ್ಷೆಗೆ ಒಪ್ಪಿಗೆ ಕೊಡುವಾಗ ಎಷ್ಟು ಅಡಿ ಜಾಗ ಬಿಟ್ಟಿದ್ದೀರಿ ಎಂದು ಕೇಳುತ್ತಾರೆ, ಮಳೆನೀರಿನ ಗುಂಡಿ ಕೇಳುತ್ತಾರೆ. ಮೇಲಿನ ನೆಲ ಕೆಳಗಿನವನಿಗೆ ಎಷ್ಟು ಕೇಳಿಸುತ್ತದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಒಬ್ಬರೇ ವಾಸಿಸುವ ಮನೆಗೆ ಬೇಡ. ಬಾಡಿಗೆಗೆಂದು ಎರಡು ಮೂರು ಮಹಡಿ ಕಟ್ಟುವವರಿಗೆ, ಹಾಸ್ಟೆಲ್, ನರ್ಸಿಂಗ್ ಹೋಂ, ಲಾಡ್ಜ್ ಕಟ್ಟುವವರಿಗೆ ಈ ಪ್ರಶ್ನೆ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಹೊಟ್ಟೆ ಕೊಯ್ಸಿಕೊಂಡು ಮಲಗಿದ ರೋಗಿಯ ತಲೆಯ ಮೇಲೆ ರಾತ್ರಿಯಿಡೀ ಟ್ರಾಲಿಯ ಚಕ್ರ ಉರುಳುತ್ತಿದ್ದರೆ ಎಷ್ಟು ನೋವಿನ ಮಾತ್ರೆ ಕೊಟ್ಟು ಏನು ಫಲ? ನಮ್ಮ ತಾಲ್ಲೂಕಿನಲ್ಲಿ ರೈಲ್ವೆ ನೌಕರರ ಮನೆಗಳು ಬೇಕಾದಷ್ಟಿವೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಮಲಗುವ ಗಂಡಸಿಗೆ ಮೇಲಿನ ಮನೆಯವರು ಆ ಹೊತ್ತಿಗೆ ಸರಿಯಾಗಿ ಖಾರ ಕುಟ್ಟುತ್ತಾರೆ. ಅವರನ್ನಾದರೂ ದೂರುವುದು ಹೇಗೆ?

ಹೊಸದಾಗಿ ಕಟ್ಟುವವರು ಸ್ಲ್ಯಾಬಿಗೂ ಮೇಲಿನ ನೆಲಕ್ಕೂ ನಡುವೆ ಮೆತ್ತೆಯ ಪದರ ಹಾಸಿ, ಅದರ ಮೇಲೆ ಸುಮಾರು ಎರಡು ಇಂಚು ಕಾಂಕ್ರೀಟು ಹಾಕಿ ಟೈಲು ಕೂರಿಸಬಹುದು. ಇದನ್ನು ತೇಲುವ ನೆಲ ಎನ್ನುತ್ತಾರೆ, ಏಕೆಂದರೆ ಮೇಲಿನ ನೆಲ ಎಲ್ಲಿಯೂ ಕೆಳಗಿನ ಸ್ಲ್ಯಾಬನ್ನಾಗಲೀ ಗೋಡೆಯನ್ನಾಗಲೀ ಮುಟ್ಟುವುದಿಲ್ಲ. ಗುಟ್ಟೆಲ್ಲ ಅಂಚಿನಲ್ಲಿದೆ. ಮೆತ್ತೆಯನ್ನು ಗೋಡೆಯ ಬುಡದಲ್ಲಿ ಮೇಲಕ್ಕೆ ಮಡಚಬೇಕು, ಸ್ಕರ್ಟಿಂಗ್ ಕಲ್ಲು ನೆಲಕ್ಕೆ ತಾಗದಂತೆ ಕೂದಲೆಳೆ ಸಂದು ಬಿಡಬೇಕು. ಒಂದು ಕಡೆ ಸಿಮೆಂಟು ಹಾಲು ಸೋರಿ ಗಟ್ಟಿಯಾಗಿ ಸ್ಲ್ಯಾಬಿಗೆ ಕಚ್ಚಿಕೊಂಡರೂ ಅದು ಸದ್ದಿಗೆ ಸೇತುವೆ. ಖರ್ಚು ಮಾಡಿದ್ದರಲ್ಲಿ ಬಹುಪಾಲು ವ್ಯರ್ಥ. ಮೇಸ್ತ್ರಿ ಒಪ್ಪುವುದಿಲ್ಲ, "ಸ್ಕರ್ಟಿಂಗ್ ಗಟ್ಟಿ ಕೂತ್ರೇ ಚೆಂದ ಸಾಮಿ" ಎನ್ನುತ್ತಾನೆ. ಆ ದಿನ ನೀವು ಸೈಟಿನಲ್ಲೇ ಇರಿ.

ಮೆತ್ತೆಗೆ ಏನು ಹಾಕಬೇಕು? ಕಾರ್ಕ್ ಒಳ್ಳೆಯದು, ಬಹಳ ಕಾಲ ಬಾಳುತ್ತದೆ, ಬೆಲೆ ಹೆಚ್ಚು. ಹಳೆಯ ಟೈರು ಪುಡಿಯಿಂದ ಮಾಡಿದ ರಬ್ಬರ್ ಹಾಳೆ ಕೆಲಸಕ್ಕೆ ಬರುತ್ತದೆ, ಆದರೆ ಹೊಸದರಲ್ಲಿ ವಾಸನೆ. ಕಾಂಕ್ರೀಟಿನ ಅಡಿಯಲ್ಲಿ ಮುಚ್ಚಿಹೋದರೆ ತೊಂದರೆಯಿಲ್ಲ, ತೆರೆದು ಹಾಸಿ ಅದರ ಮೇಲೆ ಕೂಸನ್ನು ಮಲಗಿಸಬೇಡಿ. ನಮ್ಮ ತೆಂಗಿನ ಸೀಮೆಯವರು ನಾರನ್ನು ಮರೆಯಬಾರದು. ಬೆಂಗಳೂರಿನ ಪೀಣ್ಯದಲ್ಲಿ ತೆಂಗಿನ ನಾರು ಮಂಡಳಿಯ ತಂತ್ರಜ್ಞಾನ ಸಂಸ್ಥೆಯೇ ಇದೆ, ನಾರಿನ ಹಲಗೆಗಳ ಮೇಲೆ ಅಲ್ಲಿ ಕೆಲಸ ನಡೆದಿದೆ. ಒಂದು ಎಚ್ಚರ: ಅಂಟು ಹಾಕಿ ಒತ್ತಿದ ಗಟ್ಟಿ ನಾರಿನ ಹಲಗೆ ಪ್ಲೈವುಡ್ಡಿನಂತೆಯೇ ಗಟ್ಟಿ. ನಮಗೆ ಬೇಕಾದದ್ದು ಒತ್ತಿದರೆ ಪುಟಿಯುವ ನಾರಿನ ಮೆತ್ತೆ. ಬಚ್ಚಲಿನ ಪಕ್ಕ, ನೀರು ಸೋರುವ ಕಡೆ ನಾರು ಬೇಡ, ಬೂಷ್ಟು ಹಿಡಿಯುತ್ತದೆ. ಅದರಿಂದ ಉಬ್ಬಸದವರಿಗೆ ತೊಂದರೆ.

ಆಗಲೇ ಕಟ್ಟಿದ ಮನೆಗೆ ಟೈಲಿನ ಮೇಲೇ ಹಾಸುವ ಹಲಗೆಗಳಿವೆ. ಲ್ಯಾಮಿನೇಟ್, ವಿನೈಲ್ ಮುಂತಾದವು. ಅವುಗಳಲ್ಲಿ ಸದ್ದು ತಡೆಯುವುದು ಮೇಲೆ ಕಾಣುವ ಮರದ ಬಣ್ಣವಲ್ಲ, ಕೆಳಗಿನ ಹಾಸು. ಹಾಸಿಲ್ಲದ ಲ್ಯಾಮಿನೇಟ್ ಮೇಲೆ ನಡೆದರೆ ಅದೇ ಕೋಣೆಯಲ್ಲಿ ಟೊಳ್ಳು ಸದ್ದು ಬೇರೆ. ಕೊಳ್ಳುವ ಮುನ್ನ ವೈದ್ಯನಾಗಿ ನಾನು ನೋಡುವುದು ಬೇರೆ ವಿಷಯಗಳನ್ನು. ಒತ್ತಿದ ಮರದ ಪುಡಿಯ ಹಲಗೆಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ, ಕಣ್ಣು ಗಂಟಲು ಉರಿಯುತ್ತದೆ. ಇ1 ಅಥವಾ ಅದಕ್ಕಿಂತ ಕಡಿಮೆಯ ದರ್ಜೆ ಎಂದು ಬರೆದಿರುವುದನ್ನೇ ಕೊಳ್ಳಿ, ಹಾಸಿದ ಮೇಲೆ ಕೆಲವು ದಿನ ಕಿಟಕಿ ತೆರೆದಿಡಿ. ಒದ್ದೆ ಕಾಲಿಗೆ ಜಾರುತ್ತದೆಯೇ ಎಂದು ಅಂಗಡಿಯಲ್ಲೇ ಒಂದು ಚೊಂಬು ನೀರು ಚೆಲ್ಲಿಸಿ ನೋಡಿ. ಸೊಂಟದ ಮೂಳೆ ಮುರಿದ ಅಜ್ಜಿಗೆ ನಿಶ್ಶಬ್ದ ಮನೆ ಕಟ್ಟಿಕೊಂಡು ಏನಾಗಬೇಕು? ಗೆದ್ದಲು ನಮ್ಮ ಕಡೆ ದೊಡ್ಡ ಪೀಡೆ, ಅದನ್ನೂ ಕೇಳಿ. ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸಿದರೆ ಸದ್ದು ಎಲ್ಲಕ್ಕಿಂತ ಚೆನ್ನಾಗಿ ಇಳಿಯುತ್ತದೆ, ನಿಜ. ಆದರೆ ನಮ್ಮ ಧೂಳಿಗೆ ಅದು ಹೇಳಿಸಿದ್ದಲ್ಲ. ಧೂಳಿನ ನುಸಿ ಅದರಲ್ಲಿ ಮನೆಮಾಡುತ್ತದೆ. ಉಬ್ಬಸದ ಮಗುವಿರುವ ಮನೆಗೆ ನಾನು ಬೇಡವೆಂದೇ ಹೇಳುತ್ತೇನೆ. ಒಗೆದು ಒಣಗಿಸಬಹುದಾದ ಜಮಖಾನವೇ ಮೇಲು.

ಸ್ಪಂಜಿನ ಹಾಳೆಯನ್ನೋ ಮೊಟ್ಟೆಯ ಟ್ರೇಗಳನ್ನೋ ಕೆಳಗಿನ ಕೋಣೆಯ ತಾರಸಿಗೆ ಅಂಟಿಸಿಕೊಳ್ಳುವವರಿದ್ದಾರೆ. ಬಡಿತದ ಸದ್ದಿಗೆ ಅದರಿಂದ ಏನೂ ಆಗುವುದಿಲ್ಲ. ಸ್ಪಂಜಿಗೆ ಬೆಂಕಿ ಹತ್ತಿದರೆ ಬರುವ ಹೊಗೆ ಮಾತ್ರ ಪ್ರಾಣಾಂತಿಕ. ಕಲ್ಲಿನ ಉಣ್ಣೆ ತುಂಬಿ ಜಿಪ್ಸಂ ಒಳಛಾವಣಿ ತೂಗುಬಿಟ್ಟರೆ ಒಂದಿಷ್ಟು ಪ್ರಯೋಜನವುಂಟು, ಆದರೆ ಗೋಡೆಯಲ್ಲಿ ಇಳಿದು ಬರುವ ಸದ್ದು ಹಾಗೇ ಉಳಿಯುತ್ತದೆ. ಬಡಿತದ ಸದ್ದನ್ನು ಹುಟ್ಟಿದಲ್ಲೇ ಹಿಡಿಯಬೇಕು. ಅಂದರೆ ಕಷ್ಟ ಕೆಳಗಿನವನದು, ಔಷಧ ಮೇಲಿನವನ ಕೈಯಲ್ಲಿ. ಜಗಳ ಹುಟ್ಟುವುದೇ ಇಲ್ಲಿ. ಮೇಲಿನವರಿಗೆ ಸದ್ದು ಕೇಳಿಸುವುದೇ ಇಲ್ಲ, ಕೆಳಗಿನವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಕೆಳಗಿನವರು ಇದು ಬೇಕೆಂದೇ ಮಾಡಿದ್ದು ಎಂದುಕೊಳ್ಳುತ್ತಾರೆ. ಸಿಟ್ಟು ಸೇರಿದ ಕಿವಿಗೆ ಅದೇ ಸದ್ದು ಎರಡು ಪಟ್ಟು.

ಮೇಷ್ಟ್ರ ಮನೆಯಲ್ಲಿ ನಾನು ಮಾಡಿದ ಮೊದಲ ಕೆಲಸ ಸೊಸೆಯನ್ನು ಹತ್ತು ನಿಮಿಷ ಮಾವನ ಮಂಚದ ಮೇಲೆ ಕೂರಿಸಿ, ಮೊಮ್ಮಗನಿಗೆ ಮೇಲೆ ಕುರ್ಚಿ ಎಳೆಯಲು ಹೇಳಿದ್ದು. ಆ ಹೆಣ್ಣುಮಗಳು ಬೆಚ್ಚಿ ಎದ್ದುನಿಂತರು. "ಅಯ್ಯೋ, ಇಷ್ಟು ಕೇಳ್ಸುತ್ತಾ?" ಎಂದರು. ಮೇಷ್ಟ್ರು ಏನೂ ಹೇಳಲಿಲ್ಲ, ಮುಖ ತಿರುಗಿಸಿ ಕಿಟಕಿಯ ಕಡೆ ನೋಡಿದರು.

ಮಾರನೆಯ ದಿನವೇ ಕಡೂರಿನ ಹಾರ್ಡ್‌ವೇರ್ ಅಂಗಡಿಯಿಂದ ಕುರ್ಚಿ ಟೇಬಲ್ಲಿನ ಕಾಲುಗಳಿಗೆ ರಬ್ಬರ್ ಬುಷ್ ಬಂತು. ಹೊಲಿಗೆ ಮಿಷನ್ನಿನ ಅಡಿಗೆ ಏನು ಹಾಕುವುದೆಂದು ಯೋಚಿಸುತ್ತಿದ್ದಾಗ ಮಗನಿಗೆ ಹೊಳೆಯಿತು. ಕೊಟ್ಟಿಗೆಯಲ್ಲಿ ಎಮ್ಮೆಗೆಂದು ತಂದ ದಪ್ಪ ರಬ್ಬರ್ ಮ್ಯಾಟಿನದೊಂದು ಹೊಸ ತುಂಡು ಉಳಿದಿತ್ತು. ಮಂಡಿ ಸವೆಯದಿರಲೆಂದು ಎಮ್ಮೆಗೆ ಹಾಸುವ ನಾವು ಮನುಷ್ಯರಿಗೆ ಹಾಸಲು ಹಿಂದೆಮುಂದೆ ನೋಡುತ್ತೇವೆ. ತುಂಡನ್ನು ಬಿಸಿಲಿನಲ್ಲಿ ನಾಲ್ಕು ದಿನ ಹಾಕಿ ವಾಸನೆ ಕಳೆದು ಮಿಷನ್ನಿನ ಕೆಳಗಿಟ್ಟರು. ಮಿಷನ್ನನ್ನು ಮಾವನ ಮಂಚದ ನೇರದಿಂದ ತೆಗೆದು ಆಚೆ ಕೋಣೆಗೆ ಸಾಗಿಸಿದ್ದು ಮ್ಯಾಟಿಗಿಂತ ಹೆಚ್ಚು ಉಪಕಾರವಾಯಿತೆಂದು ನನ್ನ ಅಂದಾಜು. ಅಷ್ಟರ ಮೇಲೆ, ಇಡೀ ಮಹಡಿಗೆ ಬೇಡ, ಮೊಮ್ಮಗ ಓದುವ ಒಂದು ಕೋಣೆಗೆ ಮಾತ್ರ ಕಾರ್ಕಿನ ಹಾಸಿನ ಮೇಲೆ ಹಲಗೆ ಹಾಕಿಸಿದರು. ಮಲಗುವವರ ತಲೆಯ ಮೇಲಿನ ಕೋಣೆಯಷ್ಟನ್ನು ಸರಿಮಾಡಿದರೆ ಎಷ್ಟೋ ಮನೆಗಳಿಗೆ ಸಾಕು. ಮೊಬೈಲಿನಲ್ಲಿ ಡೆಸಿಬೆಲ್ ತೋರಿಸುವ ಆ್ಯಪ್ ಹಾಕಿಕೊಂಡು ಹುಡುಗ ಅಳೆದದ್ದೂ ಅಳೆದದ್ದೇ. ಮೊದಲು, ಆಮೇಲೆ ಎಂದು ಹೋಲಿಸಲು ಅದು ಪರವಾಗಿಲ್ಲ, ಅಂಕಿಯನ್ನು ನಂಬಿ ಜಗಳಕ್ಕೆ ಹೋಗಬಾರದು.

ಎಲ್ಲರ ನಿದ್ರಾಹೀನತೆಗೂ ಮೇಲಿನ ಮನೆಯವರೇ ಕಾರಣವೆಂದು ಈ ಲೇಖನ ಹಿಡಿದು ಯಾರೂ ಹೊರಡಬಾರದು. ಬೀಗರ ಮನೆಯ ನಿಶ್ಶಬ್ದ ಕೋಣೆಯಲ್ಲೂ ನಿಮಗೆ ನಿದ್ದೆ ಬರದಿದ್ದರೆ ತಪ್ಪು ನೆಲದ್ದಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಜೋರು ಗೊರಕೆಯ ನಡುವೆ ಉಸಿರು ನಿಲ್ಲುವುದು, ಎದೆಯುರಿ, ಥೈರಾಯ್ಡ್, ಬೆಳಗಿನ ಜಾವ ಎಚ್ಚರವಾಗಿ ಮನಸ್ಸು ಕುಗ್ಗುವುದು, ಇವುಗಳಿಗೆ ವೈದ್ಯರನ್ನೇ ಕಾಣಬೇಕು. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗುತ್ತಿರುವವರು ಒಂದೇ ದಿನಕ್ಕೆ ನಿಲ್ಲಿಸಬಾರದು. ನಡುಕ, ಗಾಬರಿ ಬರಬಹುದು, ಕೆಲವರಿಗೆ ಫಿಟ್ಸ್ ಕೂಡ. ವೈದ್ಯರು ಹೇಳಿದಂತೆ ವಾರ ವಾರಕ್ಕೆ ಇಳಿಸುತ್ತ ಬರಬೇಕು. ಅರವತ್ತು ದಾಟಿದವರಲ್ಲಿ ಈ ಮಾತ್ರೆಯ ಮಂಪರಿನಲ್ಲೇ ರಾತ್ರಿ ಎದ್ದು ಬೀಳುವುದು ಹೆಚ್ಚು. ಮೇಷ್ಟ್ರಿಗೆ ನಾನು ಅದನ್ನು ಬರೆದುಕೊಟ್ಟದ್ದು ಅವಸರದ ಕೆಲಸ ಎಂದು ಈಗ ಅನ್ನಿಸುತ್ತದೆ.

ಅವರ ನಿದ್ದೆ ಮಾತ್ರೆ ಎರಡು ತಿಂಗಳಲ್ಲಿ ನಿಂತಿತು. ರಕ್ತದೊತ್ತಡ ಈಗ 140ರ ಆಸುಪಾಸಿನಲ್ಲಿದೆ. ಎರಡನೆಯ ಮಾತ್ರೆ ಇನ್ನೂ ನಡೆಯುತ್ತಿದೆ, ಅದರ ಪಾಲೂ ಇದರಲ್ಲಿದೆ. ಎಲ್ಲ ಕೀರ್ತಿಯನ್ನು ಹಲಗೆಗೆ ಕೊಡಲಾರೆ. ಹೋದ ವಾರ ಸೊಸೆ ಮಾವನ ಔಷಧಿ ಒಯ್ಯಲು ಬಂದಿದ್ದರು. ತಲೆನೋವು ಹೇಗಿದೆ ಎಂದೆ. "ಅದೇನೋ ಹೋಯ್ತು ಡಾಕ್ಟ್ರೇ. ಕುಟ್ಟಾಣಿ ಅಡಿಗೂ ಒಂದು ತುಂಡು ಮ್ಯಾಟು ಹಾಕ್ಬೇಕು ಅಂತ ಮಾವನೋರೇ ಅಳತೆ ತಗೊಂಡಿದಾರೆ" ಎಂದು ಹೇಳಿ ಹೋದರು.